ಕಾರ್ನಿಯಾ ಕಸಿ: ಒಳಪದರ ಉಳಿಸಿಕೊಳ್ಳುವ ಜಾಣ್ಮೆ

ಬಾಗಲಕೋಟೆಯ ಬೇಸಿಗೆಯಲ್ಲಿ ದೂಳೆದ್ದರೆ ಮಕ್ಕಳು ಕಣ್ಣುಜ್ಜಿಕೊಳ್ಳುವುದು ನಿತ್ಯದ ನೋಟ. ಅಲರ್ಜಿಯ ಆ ತುರಿಕೆಯನ್ನು ಹಗುರವಾಗಿ ಕಾಣಬಾರದು. ವರ್ಷಗಟ್ಟಲೆ ಕಣ್ಣು ತಿಕ್ಕುವ ಅಭ್ಯಾಸಕ್ಕೂ ಕೆರಟೋಕೋನಸ್ ರೋಗಕ್ಕೂ ಹತ್ತಿರದ ನಂಟಿದೆ. ಕಣ್ಣಿನ ಮುಂಭಾಗದ ಪಾರದರ್ಶಕ ಕಾರ್ನಿಯಾದ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಈ ರೋಗದಲ್ಲಿ ಅದು ಇನ್ನಷ್ಟು ತೆಳುವಾಗಿ ಮೊನಚಾಗಿ ಉಬ್ಬುತ್ತದೆ. ಹೆಚ್ಚಾಗಿ ಹರೆಯದಲ್ಲೇ ಶುರುವಾಗುತ್ತದೆ. ಕನ್ನಡಕದ ನಂಬರ್ ಪದೇ ಪದೇ ಬದಲಾದರೆ, ಕನ್ನಡಕ ಹಾಕಿದರೂ ಅಕ್ಷರಗಳಿಗೆ ನೆರಳು ಮೂಡಿದರೆ, ಕಾರ್ನಿಯಾದ ಆಕಾರವನ್ನು ಅಳೆಯುವ ಟೊಪೋಗ್ರಫಿ ಪರೀಕ್ಷೆ ಮಾಡಿಸಲೇಬೇಕು.

ಬೇಗ ಪತ್ತೆಯಾದರೆ ರೈಬೋಫ್ಲೇವಿನ್ (ಬಿ2 ವಿಟಮಿನ್) ಹನಿ ಮತ್ತು ಅತಿನೇರಳೆ ಕಿರಣ ಬಳಸಿ ಕಾರ್ನಿಯಾವನ್ನು ಗಟ್ಟಿಗೊಳಿಸುವ ಕ್ರಾಸ್‌ಲಿಂಕಿಂಗ್ ಚಿಕಿತ್ಸೆ ರೋಗವನ್ನು ಬಹುಪಾಲು ಅಲ್ಲಿಗೇ ತಡೆಯುತ್ತದೆ. ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್ ದೃಷ್ಟಿ ತಿದ್ದುತ್ತದೆ. ಲೆನ್ಸಿಗೂ ಬಗ್ಗದ ಕಣ್ಣಿಗೆ, ಕಲೆ ಬಿದ್ದ ಕಣ್ಣಿಗೆ ಕಸಿ ಬೇಕಾಗುತ್ತದೆ.

1905ರಲ್ಲಿ ಎಡುವರ್ಡ್ ಜಿರ್ಮ್ ಎಂಬ ವೈದ್ಯರು ಸುಣ್ಣ ಬಿದ್ದು ಸುಟ್ಟ ಕಣ್ಣಿಗೆ ಮಾಡಿದ್ದು ಮೊದಲ ಯಶಸ್ವಿ ಕಾರ್ನಿಯಾ ಕಸಿ. ಅಂದು ಪೂರ್ತಿ ದಪ್ಪದ ಕಾರ್ನಿಯಾವನ್ನೇ ಬದಲಿಸಿದ್ದರು. ಈ ವಿಧಾನ ಇಂದಿಗೂ ಇದೆ. ಆದರೆ ಕೆರಟೋಕೋನಸ್‌ನಲ್ಲಿ ಕೆಟ್ಟಿರುವುದು ಮುಂಭಾಗ. ಒಳಗಿನ ಜೀವಕೋಶಗಳ ಸಾಲು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತದೆ. ಕಾರ್ನಿಯಾದೊಳಗಿನ ನೀರನ್ನು ಹೊರಹಾಕಿ ಅದನ್ನು ತಿಳಿಯಾಗಿಡುವ ಈ ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಇಪ್ಪತ್ತರ ಹರೆಯದವರ ಇಂಥ ಸ್ವಂತ ಆಸ್ತಿಯನ್ನು ಕತ್ತರಿಸಿ ಎಸೆಯುವುದೇಕೆ?

ಈ ಪ್ರಶ್ನೆಗೆ ಉತ್ತರ, ಒಳಪದರ ಉಳಿಸಿ ಮುಂಭಾಗವನ್ನಷ್ಟೇ ಬದಲಿಸುವ ಡಾಲ್ಕ್ (DALK) ಶಸ್ತ್ರಚಿಕಿತ್ಸೆ. ನೇತ್ರತಜ್ಞ ಮೊಹಮ್ಮದ್ ಅನ್ವರ್ ರೂಪಿಸಿದ ವಿಧಾನದಲ್ಲಿ ಸೂಜಿಯಿಂದ ಕಾರ್ನಿಯಾದ ಆಳಕ್ಕೆ ಗಾಳಿ ತುಂಬುತ್ತಾರೆ. ಹಂಚಿನ ಮೇಲಿನ ಜೋಳದ ರೊಟ್ಟಿ ಉಬ್ಬಿ ಎರಡು ಪದರವಾಗುವಂತೆ, ಆ ಕೋಶಗಳನ್ನು ಹೊತ್ತ ಒಳಪೊರೆ ಬೇರೆಯಾಗುತ್ತದೆ. ಆ ಪೊರೆಯ ದಪ್ಪ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು. ಅದನ್ನು ಹಾಗೆಯೇ ಬಿಟ್ಟು ಮೇಲಿನ ರೋಗಗ್ರಸ್ತ ಭಾಗವನ್ನು ತೆಗೆದು, ದಾನಿಯ ಕಾರ್ನಿಯಾವನ್ನು ಕೂದಲಿಗಿಂತ ತೆಳುವಾದ ನೈಲಾನ್ ದಾರದಿಂದ ಹೊಲಿಯುತ್ತಾರೆ. ನಡುವೆ ಪೊರೆ ಹರಿದರೆ ಪೂರ್ತಿ ಕಸಿಗೇ ಮರಳಬೇಕಾಗಬಹುದು. ಡಾಲ್ಕ್ ಕೈಗೂಡಿದರೆ ಒಳಕೋಶಗಳು ರೋಗಿಯವೇ ಆದ್ದರಿಂದ, ದೇಹ ಅವನ್ನು ಪರಕೀಯವೆಂದು ತಿರಸ್ಕರಿಸುವ ಭಯವಿಲ್ಲ. ಹೊಲಿಗೆ ಬಿಚ್ಚಿ ದೃಷ್ಟಿ ಸ್ಥಿರವಾಗಲು ವರ್ಷ ಹಿಡಿಯಬಹುದು. ಆಮೇಲೂ ಕನ್ನಡಕವೋ ಲೆನ್ಸೋ ಬೇಕಾಗುವುದುಂಟು.

ನೇತ್ರದಾನದ ಮಾತು ಬಂದಾಗ ‘ವಯಸ್ಸಾದವರ ಕಣ್ಣು ಯಾರಿಗೆ ಬೇಕು?’ ಎನ್ನುವವರಿದ್ದಾರೆ. ಡಾಲ್ಕ್‌ನಲ್ಲಿ ದಾನಿಯ ಒಳಪೊರೆಯನ್ನು ಕಳಚಿಯೇ ಕಸಿ ಮಾಡುವುದು. ಹಾಗಾಗಿ ಒಳಕೋಶ ಕಡಿಮೆಯಾದ ಅಜ್ಜಿಯ ಕಾರ್ನಿಯಾ ಕೂಡ, ತಿಳಿಯಾಗಿದ್ದರೆ, ಕಾಲೇಜು ಹುಡುಗನ ಕಣ್ಣಿಗೆ ಆದೀತು. ಸಾವಿನ ನಂತರ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕಾದ್ದರಿಂದ ಮನೆಯವರು ಕೂಡಲೇ ನೇತ್ರ ಬ್ಯಾಂಕಿಗೆ ಕರೆ ಮಾಡಬೇಕು, ಅಷ್ಟೇ.