ಎಕ್ಕದ ಮೇಲಿನ 808 ಇಸವಿಯಲ್ಲ

ಪ್ರಶ್ನೆ: ತಾತನ ಟ್ರಂಕಿನಲ್ಲಿ ಬೈಸಿಕಲ್ ಎಂಬ ಅಮೆರಿಕದ ಬ್ರ್ಯಾಂಡಿನ ಇಸ್ಪೀಟ್ ಕಟ್ಟೊಂದು ಸಿಕ್ಕಿದೆ. ಎಲೆಗಳ ಬೆನ್ನಲ್ಲಿ ರೆಕ್ಕೆಯ ಹುಡುಗ ಸೈಕಲ್ ಹೊಡೆಯುತ್ತಿದ್ದಾನೆ. ಇಸ್ಪೀಟ್ ಎಕ್ಕದ ಮೇಲೆ 808 ಎಂದಿದೆ. ಬೈಸಿಕಲ್ ಶುರುವಾದದ್ದು 1885ರಲ್ಲಿ ಎಂದು ಓದಿದೆ. ನಮ್ಮ ಕಟ್ಟೂ ಅಷ್ಟು ಹಳೆಯದೇ? ಎಷ್ಟು ಬೆಲೆ ಬಾಳುತ್ತದೆ?

ಅಷ್ಟು ಹಳೆಯದಲ್ಲ. ಇದೇ ಪ್ರಶ್ನೆ ಬೇರೆ ಬೇರೆ ಊರಿನಿಂದ, ಬೇರೆ ಬೇರೆ ತಾತಂದಿರ ಹೆಸರಿನಲ್ಲಿ ಬರುತ್ತಲೇ ಇದೆ. ಉತ್ತರ ಬರೆದೂ ಬರೆದೂ ಸಾಕಾಗಿದೆ. ಈ ಸಲ ಬುಡದಿಂದಲೇ ಹೇಳಿಬಿಡುತ್ತೇನೆ.

808 ಇಸವಿಯಲ್ಲ. ಎಷ್ಟನೇ ಕಟ್ಟು ಎಂಬ ಲೆಕ್ಕವೂ ಅಲ್ಲ. ಆ ಬ್ರ್ಯಾಂಡಿಗೆ ತಯಾರಕರು ಕೊಟ್ಟ ಸರಕಿನ ನಂಬರು, ಅಷ್ಟೇ. ಬೈಸಿಕಲ್‌ಗೆ 808, ಕಾಂಗ್ರೆಸ್ ಎಂಬ ಇಸ್ಪೀಟ್ ಬ್ರ್ಯಾಂಡಿಗೆ 606, ಸ್ಟೀಮ್‌ಬೋಟ್ ಎಂಬುದಕ್ಕೆ 999. ನೂರು ವರ್ಷ ಹಳೆಯ ಬೈಸಿಕಲ್ ಎಕ್ಕದಲ್ಲೂ 808 ಇದೆ, ಮೊನ್ನೆ ಅಂಗಡಿಯಿಂದ ತಂದದ್ದರಲ್ಲೂ ಅದೇ ಇದೆ. ಈ ತಪ್ಪು ತಿಳಿವಳಿಕೆಗೆ ನೀರೆರೆದದ್ದು ಬೀ ಎಂಬ ಇನ್ನೊಂದು ಬ್ರ್ಯಾಂಡ್. ಅದರ ನಂಬರು 92. ಅದು ಮಾರುಕಟ್ಟೆಗೆ ಬಂದ ವರ್ಷ 1892, ನಂಬರು ಬಂದದ್ದೂ ಅಲ್ಲಿಂದಲೇ. ಆದರೆ ಇವತ್ತು ಅಚ್ಚಾಗುವ ಬೀ ಕಟ್ಟಿನಲ್ಲೂ 92 ಎಂದೇ ಇರುತ್ತದೆ.

1885ರ ಮಾತೂ ಹೀಗೆಯೇ. ಸಿನ್ಸಿನಾಟಿಯ ರಸೆಲ್ ಅಂಡ್ ಮಾರ್ಗನ್‌ನವರು ಬೈಸಿಕಲ್ ಹೆಸರಿನ ಇಸ್ಪೀಟು ಹೊರತಂದದ್ದು ಆ ವರ್ಷ, ನಿಜ. ಹೋಟೆಲಿನ ಬೋರ್ಡಿನಲ್ಲಿ ಸ್ಥಾಪನೆಯ ವರ್ಷ ಇದ್ದ ಮಾತ್ರಕ್ಕೆ ತಟ್ಟೆಯಲ್ಲಿರುವ ದೋಸೆ ಆ ಕಾಲದ್ದಾಗುವುದಿಲ್ಲವಲ್ಲ! ನೀವು ಹೇಳುವ ರೆಕ್ಕೆಯ ಹುಡುಗನ ಚಿತ್ತಾರದ ಹೆಸರು ರೈಡರ್ ಬ್ಯಾಕ್. ಅದು ಬಂದದ್ದೇ 1887ರಲ್ಲಿ. ಅಂದಮೇಲೆ ಆ ಬೆನ್ನಿನ ಕಟ್ಟು 1885ರದ್ದಾಗುವುದು ಹೇಗೆ? ಎಕ್ಕವನ್ನು ಇನ್ನೊಮ್ಮೆ ಓದಿ. ಯುನೈಟೆಡ್ ಸ್ಟೇಟ್ಸ್ ಪ್ಲೇಯಿಂಗ್ ಕಾರ್ಡ್ ಕಂಪನಿ ಎಂದಿದ್ದರೆ 1894ಕ್ಕಿಂತ ಹಿಂದೆ ಹೋಗುವಂತೆಯೇ ಇಲ್ಲ, ಕಂಪನಿಗೆ ಆ ಹೆಸರು ಬಂದದ್ದೇ ಆಗ. ಇದಕ್ಕೆ ಪರಿಣತರು ಬೇಕಿಲ್ಲ, ಕೈಯಲ್ಲಿರುವ ಒಂದು ಎಲೆಯೇ ಸಾಕು.

ಹಾಗಾದರೆ ಕಾಲ ಗೊತ್ತುಮಾಡುವುದು ಹೇಗೆ? ಅದೇ ಇಸ್ಪೀಟ್ ಎಕ್ಕಕ್ಕೆ ಭೂತಗನ್ನಡಿ ಹಿಡಿಯಿರಿ. ಒಂದು ಇಂಗ್ಲಿಷ್ ಅಕ್ಷರ, ಅದರ ಪಕ್ಕದಲ್ಲೇ ನಾಲ್ಕು ಅಂಕಿ, ಸಣ್ಣದಾಗಿ ಅಚ್ಚಾಗಿರುತ್ತದೆ. ಇಪ್ಪತ್ತನೇ ಶತಮಾನದ ಆರಂಭದಿಂದ ಕಂಪನಿ ಹಾಕುತ್ತಾ ಬಂದ ಗುರುತು ಅದು. ಆ ಅಕ್ಷರ ವರ್ಷವನ್ನು ಹೇಳುತ್ತದೆ, ಆದರೆ ಸುಮಾರು 20 ವರ್ಷಕ್ಕೊಮ್ಮೆ ಮತ್ತೆ ಮರಳುತ್ತದೆ. ಹಾಗಾಗಿ ಅದೊಂದನ್ನೇ ನಂಬುವಂತಿಲ್ಲ, ಡಬ್ಬಿಯನ್ನೂ ನೋಡಬೇಕು. ಅಮೆರಿಕದಲ್ಲಿ ಇಸ್ಪೀಟಿನ ಮೇಲಿನ ತೆರಿಗೆ 1965ರಲ್ಲಿ ಹೋಯಿತು, ಆದ್ದರಿಂದ ಡಬ್ಬಿಯ ಬಾಯಿಗೆ ತೆರಿಗೆ ಸ್ಟಾಂಪಿನ ಹರಿದ ತುಣುಕು ಅಂಟಿದ್ದರೆ ಅದಕ್ಕಿಂತ ಮುಂಚಿನದು. ವಿಳಾಸದಲ್ಲಿ ಜಿಪ್ ಕೋಡ್ (ಅಲ್ಲಿನ ಪಿನ್‌ಕೋಡ್) ಇದ್ದರೆ 1963ರ ನಂತರದ್ದು. ಬಾರ್‌ಕೋಡ್ ಇದ್ದರೆ ಎಪ್ಪತ್ತರ ದಶಕಕ್ಕಿಂತ ಹಿಂದಿನದಲ್ಲ. ಸಿನ್ಸಿನಾಟಿಯ ಬದಲು ಎರ್ಲಾಂಗರ್ ಎಂದಿದ್ದರೆ ಕಾರ್ಖಾನೆ 2009ರಲ್ಲಿ ಕೆಂಟಕಿಗೆ ಹೋದಮೇಲಿನದು. ದಯವಿಟ್ಟು ಡಬ್ಬಿ ಬಿಸಾಡಬೇಡಿ, ಹರಿದಿದ್ದರೂ ಇಟ್ಟುಕೊಳ್ಳಿ.

ಬೆಲೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ರೈಡರ್ ಬ್ಯಾಕ್ ಲೋಕದಲ್ಲೇ ಅತಿ ಸುಲಭವಾಗಿ ಸಿಗುವ ಬೆನ್ನುಗಳಲ್ಲೊಂದು. ಸಂಗ್ರಾಹಕರು ಅರಸುವುದು ಅದೇ ಬೈಸಿಕಲ್‌ನ ನಿಂತುಹೋದ ಬೆನ್ನುಗಳನ್ನು: ಏಕಾರ್ನ್, ಥಿಸಲ್, ಲೋಟಸ್, ಪೆಡಲ್. ಅದೂ 52 ಎಲೆ, ಜೋಕರ್, ಡಬ್ಬಿ ಎಲ್ಲ ಇದ್ದರೆ. ಒಂದು ಆಟೀನ್ ಗುಲಾಮ ಕಳೆದುಹೋಗಿದ್ದರೂ ಬೆಲೆ ದಡಬಡನೆ ಇಳಿಯುತ್ತದೆ.

ಯಾರೂ ಕೇಳದ ಪ್ರಶ್ನೆಯೊಂದಿದೆ, ನನಗೆ ಅದೇ ಹೆಚ್ಚು ಇಷ್ಟ: ಬೆನ್ನಿಗೆ ಚಿತ್ತಾರ ಬೇಕೇ ಯಾಕೆ? ಹತ್ತೊಂಬತ್ತನೇ ಶತಮಾನದ ಮೊದಲ ಭಾಗದವರೆಗೂ ಇಂಗ್ಲೆಂಡಿನ ಎಲೆಗಳ ಬೆನ್ನು ಬಹುಪಾಲು ಖಾಲಿ ಬಿಳಿ. ಜನ ಅದರ ಮೇಲೆ ಆಮಂತ್ರಣ, ಚೀಟಿ ಬರೆದುಕೊಳ್ಳುತ್ತಿದ್ದರು. ಆಟಕ್ಕೆ ಮಾತ್ರ ಅದು ತೊಂದರೆ: ಒಂದು ಬೆರಳಿನ ಕೊಳೆ ಅಂಟಿದರೂ ಆ ಎಲೆಯ ಗುರುತು ಎದುರಿನವನಿಗೆ ಸಿಕ್ಕಿಬಿಡುತ್ತದೆ. ಒತ್ತಾದ ಚಿತ್ತಾರದಲ್ಲಿ ಕೊಳೆ ಮುಚ್ಚಿಹೋಗುತ್ತದೆ. ಲಂಡನ್ನಿನ ಮುದ್ರಕ ಥಾಮಸ್ ಡಿ ಲಾ ರೂ 1831ರಲ್ಲಿ ಇಸ್ಪೀಟನ್ನು ಬಣ್ಣದಲ್ಲಿ ಅಚ್ಚುಹಾಕುವ ವಿಧಾನಕ್ಕೆ ಪೇಟೆಂಟ್ ಪಡೆದ. ಮುಂದೆ ಅವನ ಕಂಪನಿಗೆ ವಾಸ್ತುಶಿಲ್ಪಿ ಓವನ್ ಜೋನ್ಸ್ ಬೆನ್ನುಗಳನ್ನು ರಚಿಸಿಕೊಟ್ಟ. ರೈಡರ್ ಬ್ಯಾಕನ್ನು ತಲೆಕೆಳಗು ಮಾಡಿ ನೋಡಿ, ಹಾಗೆಯೇ ಕಾಣುತ್ತದೆ. ಹಾಗಿಲ್ಲದಿದ್ದರೆ ಒಂದೆರಡು ಎಲೆ ತಿರುಗಿಸಿಟ್ಟು ಮೋಸ ಮಾಡಬಹುದು.

ಕೈಯಲ್ಲಿ ಚಿತ್ರ ಬರೆದ ಆಟದ ಎಲೆಗಳಾದ ನಮ್ಮ ಮೈಸೂರು ಗಂಜೀಫ ಇದೇ ತೊಂದರೆಯನ್ನು ಬೇರೆ ದಾರಿಯಲ್ಲಿ ಬಗೆಹರಿಸಿದೆ. ಮುಂಭಾಗದಲ್ಲಿ ಅಷ್ಟೊಂದು ಕುಸುರಿ, ಬೆನ್ನು ಮಾತ್ರ ಸಾಮಾನ್ಯವಾಗಿ ಒಂದೇ ಬಣ್ಣ. ದಶಾವತಾರ ಗಂಜೀಫಕ್ಕೆ 120 ಎಲೆ. ಬೆನ್ನಿಗೆ ಕೈಯಲ್ಲಿ ಬಳ್ಳಿಯ ಚಿತ್ತಾರ ಬರೆದರೆ ಅದು ಅಷ್ಟೂ ಎಲೆಗಳಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಬರುವುದಿಲ್ಲ. ಬಂದ ವ್ಯತ್ಯಾಸವೇ ಎಲೆಯ ಗುಟ್ಟು ಬಿಟ್ಟುಕೊಡುತ್ತದೆ. ಇನ್ನು ಎಲೆ ದುಂಡಗಿರುವುದರಿಂದ ಬೆನ್ನಿಗೆ ಮೇಲು ಕೆಳಗು ಎಂಬುದೂ ಇಲ್ಲ. ಅಂಥ ಕಟ್ಟು ಮನೆಯಲ್ಲಿದ್ದರೆ ಬೆನ್ನು ನೋಡುತ್ತ ಕೂರಬೇಡಿ, ಅದರ ಕಾಲ ಹುಡುಕಬೇಕಾದದ್ದು ಮುಂದಿನ ಚಿತ್ರದ ಕುಂಚದಲ್ಲಿ.