ತಟ್ಟೇಲಿ ಸತ್ತ ಹುಳ ಹೊಟ್ಟೇಲೂ ಸಾಯುತ್ತಾ?

ಲವಂಗದ ಎಣ್ಣೆ, ನೀಲಗಿರಿ ಎಣ್ಣೆ, ಥೈಮ್ ಅನ್ನೋ ಸುವಾಸನೆ ಗಿಡದ ಎಣ್ಣೆ ಜಂತುಹುಳ ಸಾಯಿಸುತ್ತೆ ಅನ್ನೋ ರಿಸರ್ಚ್ ಪೇಪರ್‌ಗಳು ಹುಡುಕಿದ್ರೆ ರಾಶಿ ಸಿಗ್ತವೆ, ಸುಳ್ಳು ಅಂತೇನೂ ಅಲ್ಲ. ಆದ್ರೆ ಸಾಯಿಸಿದ್ದು ಎಲ್ಲಿ ಅಂತ ನೋಡ್ಬೇಕು. ಹೆಚ್ಚಿನವು ಲ್ಯಾಬ್‌ನ ಪ್ಲಾಸ್ಟಿಕ್ ತಟ್ಟೆ ಒಳಗೆ.

ಈ ಟೆಸ್ಟ್‌ಗೆ ತುಂಬಾ ಬಳಸೋದು ಕುರಿ ಮೇಕೆಗಳ ನಾಲ್ಕನೇ ಹೊಟ್ಟೇಲಿ ಕೂತು ರಕ್ತ ಹೀರೋ ಹೀಮಾಂಕಸ್ ಹುಳ, ಯಾಕಂದ್ರೆ ಒಂದು ಹೆಣ್ಣು ದಿನಕ್ಕೆ 5,000ದಿಂದ 10,000 ಮೊಟ್ಟೆ ಇಡುತ್ತೆ, ಹಿಕ್ಕೆ ತಂದು ಜರಡಿ ಹಿಡಿದ್ರೆ ಬೇಕಾದಷ್ಟು ಮೊಟ್ಟೆ ರೆಡಿ. ತಟ್ಟೆಯ ಸಣ್ಣ ಸಣ್ಣ ಗುಳಿಗಳಿಗೆ ಮೊಟ್ಟೆ ಹಾಕಿ, ಎಣ್ಣೆ ನೀರಲ್ಲಿ ಬೆರೆಯಲ್ವಲ್ಲ, ಅದಕ್ಕೆ ಎಣ್ಣೆ ನೀರು ಬೆರೆಸೋ ಟ್ವೀನ್-80 ಅನ್ನೋ ಕೆಮಿಕಲ್ ಜೊತೆ ಎಣ್ಣೆ ಸೇರಿಸಿ ಬಿಡ್ತಾರೆ. ಪಕ್ಕದಲ್ಲೇ ಎಣ್ಣೆ ಇಲ್ಲದೆ ಬರೀ ಟ್ವೀನ್ ಹಾಕಿದ ಗುಳಿಯೂ ಇರ್ಬೇಕು, ಇಲ್ಲಾಂದ್ರೆ ಸಾಯಿಸಿದ್ದು ಎಣ್ಣೇನೋ ಸೋಪಿನಂಥ ಟ್ವೀನೋ ಗೊತ್ತಾಗಲ್ಲ. 48 ಗಂಟೆ ಆದ್ಮೇಲೆ ಒಂದು ಹನಿ ಅಯೋಡಿನ್ ಹಾಕಿ ಎಲ್ಲಾ ನಿಲ್ಸಿ, ಮೈಕ್ರೋಸ್ಕೋಪ್ ಕೆಳಗೆ ಮೊಟ್ಟೆ ಎಷ್ಟು ಮರಿ ಎಷ್ಟು ಅಂತ ಎಣಿಸೋದು. ಕೆಲವು ಮೊಟ್ಟೇಲಿ ಮರಿ ಪೂರ್ತಿ ಬೆಳೆದು ಸುರುಳಿ ಸುತ್ಕೊಂಡೇ ಇರುತ್ತೆ, ಹೊರಗೆ ಮಾತ್ರ ಬಂದಿರಲ್ಲ.

ಥೈಮ್ ಎಣ್ಣೇಲಿರೋ ಥೈಮಾಲ್, ಕಾರ್ವಾಕ್ರಾಲ್, ಲವಂಗದ ಎಣ್ಣೇಲಿರೋ ಯೂಜಿನಾಲ್, ಈ ಅಂಶಗಳು ತಟ್ಟೆಯ ಟೆಸ್ಟ್‌ನಲ್ಲಿ ಚೆನ್ನಾಗೇ ಪಾಸ್ ಆಗ್ತವೆ. ಕುರಿಗೆ ಕುಡಿಸಿದಾಗ ಕಥೆ ಬೇರೆ. ಮೊದಲನೇ ಹೊಟ್ಟೇನೇ ಲೀಟರ್‌ಗಟ್ಟಲೆ ದ್ರವದ ಟ್ಯಾಂಕು, ಅಲ್ಲೇ ಎಣ್ಣೆ ತೆಳ್ಳಗಾಗುತ್ತೆ, ಉಳಿದಿದ್ದು ಬೇಗ ರಕ್ತಕ್ಕೆ ಸೇರುತ್ತೆ, ಲಿವರ್ ಅದನ್ನ ಬದಲಾಯಿಸಿ ಮೂತ್ರದಲ್ಲಿ ಹೊರಗೆ ಹಾಕುತ್ತೆ, ಹುಳಕ್ಕೆ ತಲುಪೋದು ಎಷ್ಟು ಹೇಳಿ? ಹಾಗಂತ ಡೋಸ್ ಏರಿಸ್ತಾ ಹೋದ್ರೆ ಹುಳಕ್ಕಿಂತ ಮೊದಲು ಪ್ರಾಣಿಗೇ ತೊಂದರೆ.

ಇದು ಮನುಷ್ಯರ ಮೇಲೂ ಆಗಿಹೋಗಿರೋ ವಿಷಯಾನೇ. 1909ರಲ್ಲಿ ಅಮೆರಿಕದ ಎಣ್ಣೆ ಕುಬೇರ ರಾಕ್‌ಫೆಲರ್ ದುಡ್ಡಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕೊಕ್ಕೆಹುಳದ ವಿರುದ್ಧ ಅಭಿಯಾನ ಶುರುವಾದಾಗ ಕೊಟ್ಟಿದ್ದು ಥೈಮಾಲ್, ಜೊತೆಗೆ ಭೇದಿಗೆ ಎಪ್ಸಮ್ ಸಾಲ್ಟ್. ಆವತ್ತು ಜಿಡ್ಡು, ಹೆಂಡ ಮುಟ್ಟಬಾರದು, ಯಾಕಂದ್ರೆ ಅದ್ರಲ್ಲಿ ಥೈಮಾಲ್ ಕರಗಿ ಕರುಳಲ್ಲಿ ನಿಲ್ಲೋದು ಬಿಟ್ಟು ಮೈಗೆ ಹತ್ತುತ್ತೆ. ಆ ಕಾಲದ ಇನ್ನೊಂದು ಮದ್ದು ಚೀನೋಪೋಡಿಯಂ ಅನ್ನೋ ಗಿಡದ ಎಣ್ಣೆ, ಹುಳ ಬೀಳಿಸ್ತಿತ್ತು ನಿಜ, ಆದ್ರೆ ಡೋಸ್ ಸ್ವಲ್ಪ ಜಾಸ್ತಿಯಾದ್ರೂ ತಲೆಸುತ್ತು, ಕಿವುಡು, ಫಿಟ್ಸ್, ಕೆಲವರು ಸತ್ತೂ ಹೋದ್ರು. ನ್ಯಾಚುರಲ್ ಅಂದ್ರೆ ಸೇಫ್ ಅನ್ನೋರಿಗೆ ನಾನು ಇದನ್ನೇ ಹೇಳೋದು.

ಮತ್ಯಾಕೆ ಇನ್ನೂ ಇದರ ಹಿಂದೆ ಬಿದ್ದಿದಾರೆ ಅಂದ್ರೆ, ಎಷ್ಟೋ ಕಡೆ ಕುರಿ ಹುಳಗಳು ಈಗ ಬಳಸೋ ಜಂತುಹುಳದ ಔಷಧಿಗಳಾದ ಬೆಂಜಿಮಿಡಜೋಲ್, ಲೆವಮಿಸೋಲ್, ಐವರ್‌ಮೆಕ್ಟಿನ್ ಮೂರಕ್ಕೂ ಜಗ್ಗದ ಹಾಗೆ ಆಗಿವೆ. ಹಂಗಾಗಿ ಎಣ್ಣೇನ ನ್ಯಾನೋ ಎಮಲ್ಷನ್ (ನೀರಲ್ಲಿ ಹರಡಿದ ಅತಿ ಸಣ್ಣ ಎಣ್ಣೆ ಹನಿ) ಮಾಡಿ, ಸಿಗಡಿ ಏಡಿ ಚಿಪ್ಪಿನಿಂದ ತೆಗೆಯೋ ಕೈಟೋಸಾನ್ ಕವಚ ಹಾಕಿ ಹುಳದ ಹತ್ರ ತಲುಪಿಸೋ ಪ್ರಯತ್ನ ನಡೀತಿದೆ. ಇನ್ನೊಂದು ತಲೆನೋವು, ಒಂದೇ ಜಾತಿಯ ಥೈಮ್ ಗಿಡ ಒಂದು ಕಡೆ ಥೈಮಾಲ್ ತುಂಬಿರುತ್ತೆ, ಇನ್ನೊಂದು ಕಡೆ ಅದೇ ಜಾತಿ ಗಿಡದಲ್ಲಿ ಲಿನಲೂಲ್ ಅನ್ನೋ ಬೇರೆ ಅಂಶ ಜಾಸ್ತಿ. ಎಣ್ಣೇಲಿ ಏನೇನಿದೆ ಅಂತ ಅಳೆದು ತೋರಿಸದ ಪೇಪರ್ ಆದ್ರೆ ನಾನಂತೂ ಮುಂದೆ ಓದಲ್ಲ.