ಮುಂಭಾಗವೇ ಇಲ್ಲದ ಮ್ಯೂಸಿಯಂ

ಮ್ಯೂಸಿಯಂ ಕಟ್ಟಿಸಬೇಕು ಅಂತ ಬರುವವರು ಮೊದಲು ಕೇಳೋದು, ರಸ್ತೆಯಿಂದ ನೋಡಿದರೆ ಹೇಗೆ ಕಾಣುತ್ತೆ ಅಂತ. ಆಗ ನಾನು ಡೆನ್ಮಾರ್ಕಿನ ಲೂಯಿಸಿಯಾನಾದ ನಕ್ಷೆ ಹರಡುತ್ತೇನೆ. ಆಧುನಿಕ ಕಲೆಯ ಈ ಖಾಸಗಿ ಮ್ಯೂಸಿಯಂಗೆ ಹೇಳಿಕೊಳ್ಳುವಂಥ ಮುಂಭಾಗವೇ ಇಲ್ಲ. ಕೊಪನ್‌ಹೇಗನ್‌ನಿಂದ ಉತ್ತರಕ್ಕೆ ಸುಮಾರು 35 ಕಿ.ಮೀ. ಹೋದರೆ ಹುಮ್ಲೆಬೆಕ್ ಅನ್ನೋ ಊರು. ಅಲ್ಲಿ 1855ರ ಒಂದು ಹಳೇ ಬಂಗಲೆ, ಅದರ ಬಾಗಿಲೇ ಮ್ಯೂಸಿಯಂ ಬಾಗಿಲು. (ಕಟ್ಟಿಸಿದ ಯಜಮಾನರಿಗೆ ಮೂರು ಮದುವೆ, ಮೂವರು ಹೆಂಡತಿಯರ ಹೆಸರೂ ಲೂಯಿಸ್, ಅದಕ್ಕೇ ಬಂಗಲೆಗೆ ಲೂಯಿಸಿಯಾನಾ ಅಂತ ಹೆಸರು. ಅಮೆರಿಕದ ರಾಜ್ಯಕ್ಕೂ ಇದಕ್ಕೂ ಸಂಬಂಧವಿಲ್ಲ.)

ಚೀಸ್ ಸಗಟು ವ್ಯಾಪಾರದ ಮನೆತನದ ಕ್ನೂಡ್ ಯೆನ್ಸೆನ್ ಇದನ್ನು ಕೊಂಡು 1958ರಲ್ಲಿ ಮ್ಯೂಸಿಯಂ ತೆರೆದರು. ವಾಸ್ತುಶಿಲ್ಪಿಗಳಾದ ಯೋರ್ಗೆನ್ ಬೋ, ವಿಲ್ಹೆಲ್ಮ್ ವೋಲೆರ್ಟ್‌ಗೆ ಅವರು ಹಾಕಿದ್ದು ಮೂರೇ ಷರತ್ತು. ಹಳೇ ಮನೆಯಿಂದಲೇ ಒಳಗೆ ಬರಬೇಕು. ಅಲ್ಲಿಂದ ಸುಮಾರು 200 ಮೀಟರ್ ಆಚೆ ಕೆರೆ ಕಾಣುವ ಕೋಣೆ ಇರಬೇಕು. ಇನ್ನೂ 100 ಮೀಟರ್ ಮುಂದೆ, ದಿಬ್ಬದ ಅಂಚಿನಲ್ಲಿ, ನೀರಿನಾಚೆ ಸ್ವೀಡನ್ ಕಾಣುವ ಕಡೆ ಕೆಫೆ ಬೇಕು. ನಮ್ಮ ಗಿರಾಕಿಗಳು ಚದರಡಿ ಲೆಕ್ಕ ಕೊಡುತ್ತಾರೆ, ಈ ಮನುಷ್ಯ ಜನ ಎಲ್ಲಿ ನಡೆಯಬೇಕು, ಎಲ್ಲಿ ನಿಂತು ಏನು ನೋಡಬೇಕು ಅಂತ ಹೇಳಿದರು. ಹಾಗಾಗಿಯೇ ಹಳೇ ಮರಗಳನ್ನು ಕಡಿಯದೆ, ಅವುಗಳ ಪಕ್ಕದಲ್ಲೇ ತಿರುಗುತ್ತಾ ಹೋಗುವ ಗಾಜಿನ ಪಡಸಾಲೆ ಹುಟ್ಟಿತು.

ಆ ಕೆರೆಯ ಕೋಣೆಯನ್ನು ಸ್ವಲ್ಪ ಗಮನಿಸಿ. ನೆಲ ಕೆರೆಯ ಕಡೆ ಇಳಿಜಾರು, ಆದರೆ ಪಡಸಾಲೆ ಮಟ್ಟಸವಾಗಿಯೇ ಬರುತ್ತದೆ. ಹಾಗಾಗಿ ನೀವು ಕೋಣೆಯ ಮೇಲಂತಸ್ತಿಗೆ ಬಂದು ನಿಲ್ಲುತ್ತೀರಿ. ಕೆಳಗೆ ಶಿಲ್ಪಿ ಜಿಯಾಕೊಮೆಟ್ಟಿಯ ಕಡ್ಡಿಯಂಥ ಕಂಚಿನ ಮನುಷ್ಯರು, ಎದುರಿಗೆ ಎರಡಂತಸ್ತಿನ ಗಾಜು, ಅದರಾಚೆ ನೀರು. ಹೊರಗಿನಿಂದ ನೋಡಿದರೆ ಸೂರು ತಗ್ಗೇ!

ಆಮೇಲಿನದ್ದೆಲ್ಲಾ ಬೇಕಾದಾಗ ಬೇಕಾದಷ್ಟು ಸೇರಿಸಿದ್ದು. 1959ರಲ್ಲಿ ಜರ್ಮನಿಯ ಕಾಸೆಲ್‌ನ ಡಾಕ್ಯುಮೆಂಟಾ ಅನ್ನೋ ಕಲಾ ಪ್ರದರ್ಶನ ನೋಡಿದ ಯೆನ್ಸೆನ್, ಬರೀ ಡೇನಿಶ್ ಕಲೆ ಸಾಲದು ಅಂತ ಹೊರದೇಶದ ಸಮಕಾಲೀನ ಕಲೆಯ ಕಡೆ ಹೊರಳಿದರು. ದೊಡ್ಡ ಕ್ಯಾನ್ವಾಸ್‌ಗಳಿಗೆ ಗಾಜಿನ ಪಡಸಾಲೆ ಆಗಲ್ಲ, ಗೋಡೆ ಬೇಕು, ಅಲ್ವಾ? 1966, 1971ರಲ್ಲಿ ವಿಸ್ತರಣೆ ಆಯಿತು, 1976ರಲ್ಲಿ ಸಂಗೀತ ಸಭಾಂಗಣ ಬಂತು, 1982ರಲ್ಲಿ ಹೆಚ್ಚು ಗೋಡೆ, ಸೂರಿನಿಂದ ಇಳಿಯುವ ಬೆಳಕು ಇರುವ ದಕ್ಷಿಣ ಭಾಗ ಬಂತು.

ನನಗೆ ಜಾಸ್ತಿ ಇಷ್ಟವಾಗೋದು 1991ರದ್ದು. ಉತ್ತರ, ದಕ್ಷಿಣ ಭಾಗಗಳನ್ನು ಸೇರಿಸಬೇಕಿತ್ತು, ಆದರೆ ನಡುವೆ ಕಟ್ಟಿದರೆ ಸಮುದ್ರದ ನೋಟ ಹೋಗುತ್ತೆ. ಹಾಗಾಗಿ ಹುಲ್ಲಿನ ಕೆಳಗೆ ನೆಲದೊಳಗೇ ಕಟ್ಟಿದರು. ಅಲ್ಲಿ ರೇಖಾಚಿತ್ರ, ಮುದ್ರಣದಂಥ ಕಾಗದದ ಮೇಲಿನ ಕಲಾಕೃತಿಗಳನ್ನು ಇಟ್ಟರು. ಕಾಗದಕ್ಕೆ ಸಾಮಾನ್ಯವಾಗಿ 50 ಲಕ್ಸ್‌ಗಿಂತ (ಲಕ್ಸ್ ಅಂದರೆ ಬೆಳಕಿನ ಅಳತೆ) ಹೆಚ್ಚು ಬೆಳಕು ಕೊಡಬಾರದು, ಬಣ್ಣ ಮಾಸುತ್ತದೆ, ಕಿಟಕಿ ಇಲ್ಲದಿರುವುದೇ ಅಲ್ಲಿ ಅನುಕೂಲ. ಬಂದ ದಾರಿಯಲ್ಲೇ ವಾಪಸ್ ಹೋಗುವ ಕಷ್ಟವೂ ತಪ್ಪಿ, ಇಡೀ ಮ್ಯೂಸಿಯಂ ಒಂದು ಸುತ್ತಾಯಿತು. ಮೂವತ್ತು ವರ್ಷ ದಾಟಿದರೂ ವಾಸ್ತುಶಿಲ್ಪಿಗಳು ಅವರೇ, ವೋಲೆರ್ಟ್ ಮಗ ಕ್ಲಾಸ್ ಕೂಡ ಜೊತೆಯಾಗಿದ್ದರು. ನಮ್ಮಲ್ಲಿ ಎರಡನೇ ಹಂತ ಬರುವಷ್ಟರಲ್ಲಿ ಮೊದಲನೆಯವರ ನಕ್ಷೆ ಸಿಗೋದೇ ಕಷ್ಟ.